ಸೊಟ್ಟ ನಿಂತ ಕುದುರೆ

ಫ್ರೇಮಣ್ಣನ ಬಲಗೈಗೆ ಒಂದು ಚಾಳಿ ಇತ್ತು. ಸೊಟ್ಟಗಿರುವುದು ಏನು ಕಂಡರೂ ಅದು ಯಜಮಾನನ ಅಪ್ಪಣೆಗೆ ಕಾಯದೆ ತಾನೇ ಮುಂದೆ ಹೋಗಿ ನೆಟ್ಟಗೆ ಮಾಡಿ ಬರುತ್ತಿತ್ತು. ಫೋಟೋಗಳಿಗೆ ಫ್ರೇಮು ಹಾಕುವ ಕಸುಬಿನವನಿಗೆ ಇದು ಇರಬೇಕಾದ ಗುಣವೇ. ಆದರೆ ಅಂಗಡಿಯ ಬಾಗಿಲು ಎಳೆದ ಮೇಲೂ ಆ ಕೈ ಕೆಲಸ ನಿಲ್ಲಿಸುತ್ತಿರಲಿಲ್ಲ ಎಂಬುದೇ ತಾಪತ್ರಯ. ಬ್ಯಾಂಕಿಗೆ ಹೋದರೆ ಹಿಂದಿನ ಗೋಡೆಯ ಕ್ಯಾಲೆಂಡರು ಸರಿಮಾಡಲು ಮ್ಯಾನೇಜರ ತಲೆಯ ಮೇಲಿಂದ ಕೈ ಚಾಚುತ್ತಿದ್ದ. ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತನ ಕಾಲರ್ ಮಡಚಿ ಸರಿಮಾಡಿದಾಗ ಕೆನ್ನೆಗೆ ಬೀಳಬೇಕಾದದ್ದು ಕೂದಲೆಳೆಯಲ್ಲಿ ತಪ್ಪಿತ್ತು. ಒಮ್ಮೆ ಸಾವಿನ ಮನೆಗೆ ಹೋಗಿದ್ದಾಗ ತೀರಿಕೊಂಡವರ ಫೋಟೋ ನೆಟ್ಟಗೆ ಮಾಡಿದ. ಅದನ್ನು ಯಾರೂ ತಪ್ಪೆನ್ನಲಿಲ್ಲ. ಆಮೇಲೆ ಅಳುತ್ತ ಕೂತವರನ್ನೂ ಗೋಡೆಗೆ ಸಮವಾಗಿ ಕೂರಿಸಲು ಹೊರಟಾಗ ಹೆಂಡತಿ ರಟ್ಟೆ ಹಿಡಿದು ಎಳೆದುಕೊಂಡು ಬಂದಿದ್ದಳು.

ಆ ಭಾನುವಾರ ಬೆಳಿಗ್ಗೆಯೂ ಟೀ ಕುಡಿಯುತ್ತ ಕೂತವನು ಮೇಜಿನ ಮೇಲಿದ್ದ ಚಮಚಗಳನ್ನು ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಸಾಲು ಹಿಡಿಸುತ್ತಿದ್ದ.

"ರೀ, ಅದನ್ನ ಬಿಡಿ. ಇವತ್ತು ಏನು ಅಂತ ನೆನಪಿದೆ ತಾನೆ?" ಎಂದಳು ಹೆಂಡತಿ.

"ಫೈನಲ್ಲು," ಎಂದ ಫ್ರೇಮಣ್ಣ ಎದೆ ಉಬ್ಬಿಸಿ.

"ಅದಲ್ಲ. ಸೋತರೆ ಏನು ಅಂತ."

ಎದೆ ಇಳಿಯಿತು. "ಅಟ್ಟ," ಎಂದ.

"ಹಾಂ. ಸೋತು ಬಂದ್ರೆ ಇನ್ನು ಕ್ಲಬ್ಬು ಗಿಬ್ಬು ಏನೂ ಇಲ್ಲ. ಭಾನುವಾರಗಳೆಲ್ಲ ನನ್ನವು. ಮೊದಲು ನಮ್ಮ ಅಟ್ಟ. ಮದುವೆ ಆದಾಗಿಂದ ಅದರೊಳಗೆ ಏನೇನು ತುಂಬಿದೀವೋ ದೇವರಿಗೇ ಗೊತ್ತು. ಅದು ಮುಗಿದ ಮೇಲೆ ನಮ್ಮಕ್ಕನ ಮನೆ ಅಟ್ಟ. ಆಮೇಲೆ ಚಿಕ್ಕಮ್ಮಂದು."

ಫ್ರೇಮಣ್ಣ ಅಡುಗೆಮನೆಯ ಬಾಗಿಲ ಮೇಲಿದ್ದ ಅಟ್ಟದ ಕಡೆ ಕಣ್ಣೆತ್ತಿ ನೋಡಿದ. ಅದಕ್ಕೆ ಹಳೇ ಬೆಡ್‌ಶೀಟೊಂದು ಮರೆಯಾಗಿ ಇಳಿಬಿದ್ದಿತ್ತು. ಧೂಳೆಂದರೆ ಅವನಿಗೆ ಸೀನು, ಎತ್ತರವೆಂದರೆ ತಲೆಸುತ್ತು. ಆ ಬೆಡ್‌ಶೀಟನ್ನು ಸರಿಸಿ ಒಳಗೆ ಇಣುಕಿ ಎಷ್ಟು ಕಾಲವಾಗಿತ್ತೋ ಅವನಿಗೇ ಗೊತ್ತಿರಲಿಲ್ಲ. ವಾರವೆಲ್ಲ ಗಾಜು ಕೊಯ್ದು, ಮೊಳೆ ಹೊಡೆದು ಸುಸ್ತಾದವನಿಗೆ ಭಾನುವಾರ ಬೆಳಗಿನ ಚೆಸ್ ಕ್ಲಬ್ಬೊಂದೇ ಉಸಿರಾಡುವ ಜಾಗ. ಅದೂ ಹೋದರೆ ಬದುಕಿ ಏನು ಫಲ ಎಂದು ಅವನಿಗೆ ನಿಜವಾಗಿಯೂ ಸಂಕಟವಾಯಿತು.

"ಸೋಲಲ್ಲ ಕಣೇ. ಓಪನಿಂಗು ಬಾಯಿಪಾಠ ಮಾಡಿದೀನಿ," ಎಂದ.

"ಎಲ್ಲಿ, ಒಂದ್ಸಲ ಹೇಳಿ."

"ರಾಜನ ಮುಂದಿನ ಕಾಲಾಳು ಎರಡು ಮನೆ. ಒಂಟೆ ಹೊರಗೆ. ರಾಣಿ ಹೊರಗೆ. ಆಮೇಲೆ ರಾಣಿ ಹೋಗಿ ಅವರ ರಾಜನ ಪಕ್ಕದ ಕಾಲಾಳನ್ನ ಹೊಡೆಯೋದು. ನಾಲ್ಕೇ ನಡೆ, ಆಟ ಫಿನಿಷ್."

ಹೆಂಡತಿ ಸಮಾಧಾನದಿಂದ ತಲೆಯಾಡಿಸಿದಳು. ಈ ಓಪನಿಂಗನ್ನು ತಂದುಕೊಟ್ಟವಳು ಅವಳೇ. ಹೋದ ವಾರ ಅವಳಿಗೆ ಗಣಿತದ ಮೇಷ್ಟ್ರ ಹೆಂಡತಿ ಗುಟ್ಟಾಗಿ ಹೇಳಿದ್ದರಂತೆ: ನಮ್ಮೋರಿಗೆ ಮಿಕ್ಕ ಆಟವೆಲ್ಲ ಬರುತ್ತೆ, ಆದರೆ ಯಾರಾದರೂ ಈ ನಾಲ್ಕು ನಡೆ ಆಡಿಬಿಟ್ಟರೆ ಕೈಕಾಲು ಆಡಲ್ಲ. ಸ್ವಂತ ಗಂಡನ ಗುಟ್ಟನ್ನು ಆಯಮ್ಮ ಯಾಕೆ ಬಿಟ್ಟುಕೊಟ್ಟರು ಎಂದು ಫ್ರೇಮಣ್ಣ ಕೇಳಲಿಲ್ಲ. ಗಂಡಹೆಂಡಿರ ಮಧ್ಯೆ ಏನೇನೋ ಇರುತ್ತದೆ, ನಮಗ್ಯಾಕೆ ಅಂದುಕೊಂಡ.

ಕ್ಲಬ್ಬು ಇದ್ದದ್ದು ನಿವೃತ್ತ ಜಡ್ಜರೊಬ್ಬರ ಮನೆಯ ಮಹಡಿಯಲ್ಲಿ. ಜಾಗ ಅವರದು, ಮೇಜು ಕುರ್ಚಿ ಅವರವು, ಫ್ಯಾನೂ ಕರೆಂಟೂ ಅವರದೇ. ಹೀಗಾಗಿ ಅಧ್ಯಕ್ಷರು ಯಾರಾಗಬೇಕೆಂಬ ಚರ್ಚೆ ಅಲ್ಲಿ ಎಂದೂ ಎದ್ದಿರಲಿಲ್ಲ. ದೊಡ್ಡ ಹಾಲಿನಲ್ಲಿ ಸದಸ್ಯರ ಆಟ. ಹಾಲಿನ ತುದಿಗೆ ಒಂದು ಒಳಕೋಣೆ, ಅದಕ್ಕೆ ಕಡುಗೆಂಪು ಪರದೆ. ವರ್ಷದ ಟೂರ್ನಮೆಂಟಿನಲ್ಲಿ ಗೆದ್ದವರಿಗೆ ಕಪ್ಪಿಲ್ಲ, ಪದಕವಿಲ್ಲ. ಆ ಪರದೆಯ ಹಿಂದೆ ಕೂತು ಜಡ್ಜರ ಜೊತೆ ಆಡುವ ಗೌರವ, ಹಾಲಿನ ಗೋಡೆಯ ಮೇಲೊಂದು ಫೋಟೋ, ಅಷ್ಟೆ.

ಕೆಲವು ವರ್ಷಗಳಿಂದ ಆ ಗೌರವ ಗಣಿತದ ಮೇಷ್ಟ್ರದೇ ಆಗಿತ್ತು. ಪ್ರತಿ ಭಾನುವಾರ ಮೇಷ್ಟ್ರು ಬರುವರು, ಯಾರನ್ನೂ ಮಾತಾಡಿಸದೆ ಪರದೆ ಸರಿಸಿ ಒಳಗೆ ಹೋಗುವರು. ಒಳಗೆ ಮೆತ್ತನೆಯ ಕುರ್ಚಿ ಇದೆಯಂತೆ, ಹೊತ್ತುಹೊತ್ತಿಗೆ ಟೀ ಬರುತ್ತದಂತೆ. ಮಧ್ಯಾಹ್ನ ಫ್ರೇಮಣ್ಣ ಮನೆಗೆ ಹೊರಡುವಾಗಲೂ ಅವರು ಒಳಗೇ. "ಮೇಷ್ಟ್ರೆಲ್ಲಿ?" ಎಂದರೆ ಉಳಿದವರು ತಲೆತಗ್ಗಿಸಿ, ದನಿ ಇಳಿಸಿ, "ಒಳಗಿದ್ದಾರೆ," ಎನ್ನುತ್ತಿದ್ದರು. ಎಂಥ ಮರ್ಯಾದೆ ಎಂದು ಫ್ರೇಮಣ್ಣನಿಗೆ ಹೊಟ್ಟೆ ಉರಿಯುತ್ತಿತ್ತು.

ಗೆದ್ದವರ ಫೋಟೋಗಳಿಗೆ ಫ್ರೇಮು ಹಾಕಿಕೊಟ್ಟವನೂ ಅವನೇ. ಮೊದಲ ವರ್ಷದ ಫೋಟೋದಲ್ಲಿ ಮೇಷ್ಟ್ರು ಹಲ್ಲು ಕಾಣುವಂತೆ ನಗುತ್ತಿದ್ದರು. ಮರುವರ್ಷ ಹಲ್ಲು ಕಾಣಲಿಲ್ಲ. ಅದರ ಮರುವರ್ಷ ನಗುವೂ ಕಾಣಲಿಲ್ಲ. ಕೊನೆಯದಂತೂ ಅಂಗಡಿಗೆ ಬಂದಾಗ, "ತೀರಿಕೊಂಡವರದ್ದಾ? ಕಪ್ಪು ಫ್ರೇಮು ಹಾಕ್ಲಾ?" ಎಂದು ಫ್ರೇಮಣ್ಣ ಕೇಳಿಯೇಬಿಟ್ಟಿದ್ದ. ಗೆದ್ದು ಗೆದ್ದು ಜಂಬ ಬಂದಿದೆ, ಅದಕ್ಕೇ ನಗುವುದಿಲ್ಲ ಎಂದು ತನ್ನಷ್ಟಕ್ಕೆ ತೀರ್ಮಾನಿಸಿದ್ದ.

ಪ್ರತಿ ವರ್ಷ ಮೊದಲ ಸುತ್ತಿನಲ್ಲೇ ಅವನ ಚೀಟಿ ಮೇಷ್ಟ್ರ ಎದುರು ಬೀಳುತ್ತಿತ್ತು. ಟೀ ಆರುವುದರೊಳಗೆ ಸೋತು ಎದ್ದು ಬರುತ್ತಿದ್ದ. ಈ ಸಲ ಚೀಟಿ ಬೇರೆ ಕಡೆ ಬಿತ್ತು ನೋಡಿ, ಅದೃಷ್ಟ ತಿರುಗಿತು. ಮೊದಲ ಸುತ್ತಿನಲ್ಲಿ ಸಲೂನಿನವನು ಎರಡು ನಡೆ ಆಡಿ, "ಅಯ್ಯಯ್ಯೋ, ಒಬ್ರಿಗೆ ಅರ್ಧ ಗಡ್ಡ ಹೆರೆದು ಬಂದಿದೀನಿ," ಎಂದು ಎದ್ದು ಓಡಿದ. ಎರಡನೇ ಸುತ್ತಿನಲ್ಲಿ ಔಷಧಿ ಅಂಗಡಿಯವರು ಕೂತಲ್ಲೇ ನಿದ್ದೆ ಹೋದರು, ಗಡಿಯಾರದಲ್ಲಿ ಅವರ ಸಮಯ ಮುಗಿದ ಕ್ಷಣವೇ ಎಚ್ಚರವಾಗಿ, "ಸೋತೆನಾ? ಛೆ ಛೆ," ಎಂದು ಲವಲವಿಕೆಯಿಂದ ಕೈಕುಲುಕಿ ಹೋದರು. ಸೆಮಿಫೈನಲ್ಲಿಗೆ ಲಾಂಡ್ರಿಯವನು ಬರಲೇ ಇಲ್ಲ. ಅತ್ತ ಮೇಷ್ಟ್ರ ಎದುರಾಳಿಗಳೂ ಅದೇ ರೀತಿ ಉದುರಿದರು. ಒಬ್ಬರನ್ನೂ ಸೋಲಿಸದೆ ಫ್ರೇಮಣ್ಣ ಫೈನಲ್ಲಿಗೆ ಬಂದಿದ್ದ. ನನ್ನ ಆಟದ ಸುದ್ದಿ ಊರೆಲ್ಲ ಹಬ್ಬಿದೆ, ಎಲ್ಲರೂ ಹೆದರಿದ್ದಾರೆ ಎಂದು ಅವನು ಹೆಂಡತಿಗೆ ಹೇಳಿದ್ದ. ಅವಳು ಹೌದೌದು ಎಂದಿದ್ದಳು.

ಹಾಲು ತುಂಬಿತ್ತು. ಸೋತವರೆಲ್ಲ ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದರು. ಮೇಷ್ಟ್ರು ಮಾತ್ರ ಹಲ್ಲುನೋವು ಬಂದವರ ಹಾಗೆ ಕೂತಿದ್ದರು. ಅಂಪೈರ್ ಆಗಿದ್ದವರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು; ಅವರನ್ನು ಎಲ್ಲರೂ 'ಚೆಕಿಂಗು' ಎಂದೇ ಕರೆಯುತ್ತಿದ್ದರು. ಸ್ವಂತ ಅತ್ತೆಗೂ ಟಿಕೆಟ್ ಇಲ್ಲವೆಂದು ದಂಡ ಹಾಕಿದ ಮನುಷ್ಯ. ಅವರು ಎದ್ದು ನಿಂತು ನಿಯಮ ಹೇಳಿದರು:

"ಮುಟ್ಟಿದ ಕಾಯಿ ನಡೆಸಲೇಬೇಕು. ಎದುರಾಳಿ ಕಾಯಿ ಮುಟ್ಟಿದ್ರೆ, ಹೊಡೆಯೋಕೆ ಆಗೋ ಹಾಗಿದ್ರೆ ಹೊಡೆಯಲೇಬೇಕು. ಬರೀ ಸರಿಮಾಡೋದಾದ್ರೆ ಮೊದಲೇ 'ಸರಿ ಮಾಡ್ತೀನಿ' ಅಂತ ಬಾಯಿಬಿಟ್ಟು ಹೇಳ್ಬೇಕು. ಮುಟ್ಟಿದ ಮೇಲೆ ಹೇಳಿದ್ರೆ ನಡೆಯಲ್ಲ. ಗೊತ್ತಾಯ್ತಾ ಫ್ರೇಮಣ್ಣ?"

"ನನಗ್ಯಾಕೆ ಹೇಳ್ತೀರಿ?"

"ನಿಮಗೇ ಹೇಳ್ತಿರೋದು."

ಫ್ರೇಮಣ್ಣನಿಗೆ ಬಿಳಿ ಕಾಯಿ ಬಂತು. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದ. ಮೇಷ್ಟ್ರೂ ಹಾಗೇ ತಳ್ಳಿದರು. ಮೇಷ್ಟ್ರ ಕೈ ಎಷ್ಟು ಒರಟೆಂದರೆ ಆ ಕಾಲಾಳು ಎರಡು ಮನೆಗಳ ನಡುವಿನ ಗೆರೆಯ ಮೇಲೆ ನಿಂತಿತು. ಫ್ರೇಮಣ್ಣನಿಗೆ ಅದನ್ನು ನೋಡಿ ಅಂಗೈ ತುರಿಸಿತು. ಬೇಡ, ಬೇಡ ಎಂದು ಕಣ್ಣು ತಪ್ಪಿಸಿ ತನ್ನ ಕಡೆ ನೋಡಿಕೊಂಡ. ಈಗ ಒಂಟೆ. ಆದರೆ ಒಂಟೆಯ ಪಕ್ಕದಲ್ಲಿದ್ದ ಕುದುರೆ ಮೂತಿಯನ್ನು ಹಿಂದಕ್ಕೆ ತಿರುಗಿಸಿಕೊಂಡು, ಯುದ್ಧಕ್ಕೆ ಬರದೆ ಮನೆಗೆ ಹೊರಟಂತೆ ನಿಂತಿತ್ತು. ಫ್ರೇಮಣ್ಣನ ಕೈ ಹೋಗಿ ಅದರ ಮೂತಿಯನ್ನು ಮುಂದಕ್ಕೆ ತಿರುಗಿಸಿತು.

"ಮುಟ್ಟಿದಿರಿ!" ಎಂದು ಚೆಕಿಂಗು ಗುಡುಗಿದರು.

"ಅಲ್ಲ ಸಾರ್, ಬರೀ ಮೂತಿ..."

"ಮೂತಿಯೂ ಕುದುರೆಯದೇ. ನಡೆಸಿ."

"ಬಿಡಿ ಸಾರ್, ಪಾಪ," ಎಂದರು ಔಷಧಿ ಅಂಗಡಿಯವರು.

"ಒಂದ್ಸಲ ಕಣ್ಮುಚ್ಕೊಳ್ಳಿ ಸಾರ್," ಎಂದ ಸಲೂನಿನವನು.

ವಿಚಿತ್ರವೆಂದರೆ ಮೇಷ್ಟ್ರೂ, "ನನ್ನ ಅಭ್ಯಂತರ ಇಲ್ಲ, ಅವರು ಒಂಟೆನೇ ನಡೆಸ್ಲಿ," ಎಂದರು. ಊರೇ ನನ್ನ ಕಡೆ ಇದೆ ಎಂದು ಫ್ರೇಮಣ್ಣ ಎಲ್ಲರಿಗೂ ಕೈಮುಗಿದ. ಚೆಕಿಂಗು ಒಪ್ಪಲಿಲ್ಲ. ಕುದುರೆ ಹೊರಗೆ ಬಂತು. ಬಾಯಿಪಾಠ ಮಾಡಿದ್ದ ನಾಲ್ಕು ನಡೆಯಲ್ಲಿ ಕುದುರೆಯೇ ಇರಲಿಲ್ಲ. ಅಡುಗೆಮನೆಯ ಮೇಲಿನ ಅಟ್ಟ, ಅಕ್ಕನ ಮನೆಯ ಅಟ್ಟ, ಚಿಕ್ಕಮ್ಮನ ಅಟ್ಟ ಸಾಲಾಗಿ ಅವನ ಕಣ್ಣ ಮುಂದೆ ಹಾದುಹೋದವು.

ಮೇಷ್ಟ್ರು ಹಣೆ ಒರೆಸಿಕೊಂಡು ಬಹಳ ಹೊತ್ತು ಯೋಚಿಸಿದರು. ಆಮೇಲೆ ತಮ್ಮ ರಾಜನನ್ನೇ ಒಂದು ಮನೆ ಮುಂದಕ್ಕೆ ಇಟ್ಟರು.

ಹಾಲಿನಲ್ಲಿ ಪಿಸುಪಿಸು ಎದ್ದಿತು. ಎರಡನೇ ನಡೆಗೇ ರಾಜ ಹೊರಗೆ ಬರುವುದನ್ನು ಆ ಕ್ಲಬ್ಬಿನಲ್ಲಿ ಯಾರೂ ನೋಡಿರಲಿಲ್ಲ. ಫ್ರೇಮಣ್ಣ ಇದೇನೋ ದೊಡ್ಡ ವಿದ್ಯೆ ಇರಬೇಕೆಂದು ಹೆದರಿ, ಕಣ್ಣು ಬೇರೆಲ್ಲೂ ಹೋಗದಂತೆ ಬಿಗಿಹಿಡಿದು, ತನ್ನ ಒಂಟೆಯನ್ನು ಹೊರಗೆ ತಂದ. ಮೇಷ್ಟ್ರ ರಾಜ ಇನ್ನೂ ಒಂದು ಹೆಜ್ಜೆ ಮುಂದೆ ಬಂತು, ಪೇಪರು ತರಲು ಬನಿಯನ್ನಿನಲ್ಲೇ ಬೀದಿಗೆ ಇಳಿದವರ ಹಾಗೆ.

ಇನ್ನು ರಾಣಿ. ಆದರೆ ಗೆರೆಯ ಮೇಲೆ ನಿಂತಿದ್ದ ಮೇಷ್ಟ್ರ ಆ ಕಾಲಾಳು! ಎಷ್ಟು ಹೊತ್ತಿಂದ ಫ್ರೇಮಣ್ಣ ಅದನ್ನು ನೋಡದೆ ನೋಡದೆ ತಡೆದುಕೊಂಡಿದ್ದ. ಕಾಲು ಈ ಮನೆಯಲ್ಲಿ, ತಲೆ ಆ ಮನೆಯಲ್ಲಿ. ಅವನ ತೋರುಬೆರಳು ಹೋಗಿ ಮೆಲ್ಲಗೆ ಒಂದು ತಳ್ಳು ತಳ್ಳಿತು.

"ಮುಟ್ಟಿದಿರಿ! ಎದುರಾಳಿ ಕಾಯಿ! ನಿಮ್ಮ ಕುದುರೆಯಿಂದ ಹೊಡೀಬಹುದು. ಹೊಡೀರಿ!"

ಹೊಡೆದ. ಅವನ ಕುದುರೆ ಹೋಗಿ ಮೇಷ್ಟ್ರ ರಾಜನ ಮೂಗಿನ ಕೆಳಗೆ, ಯಾರ ಕಾವಲೂ ಇಲ್ಲದೆ ನಿಂತಿತು. ಕೈಚಾಚಿ ಎತ್ತಿಕೊಂಡರೆ ಮುಗಿಯಿತು. ಫ್ರೇಮಣ್ಣ ಕಣ್ಣು ಮುಚ್ಚಿದ.

ಮೇಷ್ಟ್ರ ಮುಖ ಬಿಳಿಚಿತು. ಅವರು ಕುದುರೆಯನ್ನು ನೋಡಿದರು, ಛಾವಣಿ ನೋಡಿದರು, ಕೊನೆಗೆ, "ಬಲೆ! ಎಂಥ ಬಲೆ! ನಾನೇನು ಅಷ್ಟು ಸುಲಭಕ್ಕೆ ಬೀಳೋನಲ್ಲ," ಎಂದು ಕೂಗಿ, ಬೋರ್ಡಿನ ಅಂಚಿನಲ್ಲಿ ತನ್ನ ಪಾಡಿಗೆ ತಾನಿದ್ದ ಕಾಲಾಳೊಂದನ್ನು ಒಂದು ಮನೆ ಮುಂದೂಡಿದರು.

ಬಲೆಯೇ? ಫ್ರೇಮಣ್ಣ ಕಣ್ಣು ಬಿಟ್ಟ. ಬಲೆ ಇದ್ದರೂ ಇರಬಹುದು. ತಾನು ಹಾಕಿದ್ದು ತನಗೇ ತಿಳಿಯದಷ್ಟು ಆಳವಾದ ಬಲೆ. ಅವನು ಗಡ್ಡ ಸವರಿಕೊಂಡು ಸಣ್ಣಗೆ ನಕ್ಕ. ನಗುನಗುತ್ತಲೇ ರಾಣಿಯನ್ನು ಹೊರತಂದು ರಾಜನ ಎದುರಿಗಿಟ್ಟ.

"ಚೆಕ್!" ಎಂದರು ಚೆಕಿಂಗು.

"ಹೌದಾ?" ಎಂದ ಫ್ರೇಮಣ್ಣ.

"ಹೌದು!" ಎಂದು ಮೇಷ್ಟ್ರು ಹಿಗ್ಗಿ, ಕುದುರೆಯನ್ನು ಈಗಲೂ ಮುಟ್ಟದೆ, ರಾಜನನ್ನು ಓರೆಯಾಗಿ ಇನ್ನೂ ಮುಂದಕ್ಕೆ ನಡೆಸಿದರು. ಅದು ಈಗ ಫ್ರೇಮಣ್ಣನ ಸೈನ್ಯಕ್ಕೆ ಕೂಗಳತೆಯ ದೂರದಲ್ಲಿತ್ತು.

ಇಷ್ಟಾದರೂ ಫ್ರೇಮಣ್ಣನಿಗೆ ಮುಂದೇನೆಂದು ಹೊಳೆಯಲಿಲ್ಲ. ನಾಲ್ಕು ನಡೆಯ ಪಾಠ ಯಾವಾಗಲೋ ದಾರಿ ತಪ್ಪಿತ್ತು. ಯೋಚಿಸುತ್ತ ಕೂತವನ ಕಣ್ಣಿಗೆ, ರಾಣಿ ಎದ್ದುಹೋದ ಜಾಗದ ಮುಂದೆ ಅವನದೇ ಕಾಲಾಳೊಂದು ತುಸು ಎಡಕ್ಕೆ ಸರಿದು ನಿಂತದ್ದು ಬಿತ್ತು.

"ಫ್ರೇಮಣ್ಣ, ಕೈ ಕಟ್ಕೊಳ್ಳಿ!" ಎಂದು ಸಲೂನಿನವನು ಹಿಂದಿನಿಂದ ಕಿರುಚಿದ.

ಹೊತ್ತು ಮೀರಿತ್ತು. "ಮುಟ್ಟಿದಿರಿ," ಎಂದರು ಚೆಕಿಂಗು ಈ ಸಲ ಬೇಸರದಿಂದ. ಅವನು ಪೆಚ್ಚುಮೋರೆ ಹಾಕಿಕೊಂಡು ಆ ಕಾಲಾಳನ್ನು ಎರಡು ಮನೆ ಮುಂದಕ್ಕಿಟ್ಟ. ಅಡ್ಡ ನಿಂತಿದ್ದ ಕಾಲಾಳು ಸರಿದದ್ದೇ ತಡ, ಹಿಂದೆ ಮನೆಯಿಂದಲೇ ಹೊರಡದಿದ್ದ ಇನ್ನೊಂದು ಒಂಟೆಗೆ ಓರೆಯಾಗಿ ಉದ್ದಕ್ಕೆ ದಾರಿ ಬಿಟ್ಟುಕೊಂಡಿತು.

"ಮತ್ತೆ ಚೆಕ್!" ಚೆಕಿಂಗಿನ ದನಿಯೇ ನಡುಗಿತು.

"ಆಹಾ!" ಎಂದರು ಮೇಷ್ಟ್ರು. ರಾಜನನ್ನು ಬೋರ್ಡಿನ ತುದಿಗೆ, ಫ್ರೇಮಣ್ಣನ ಬಲಮೊಣಕೈಯ ಹತ್ತಿರಕ್ಕೆ ತಂದು ಇಟ್ಟು, ಕೈಕಟ್ಟಿ ಕೂತರು. ಬಂದಿದ್ದೇನೆ, ಕೊಲ್ಲಿ ಎನ್ನುವಂತಿತ್ತು ಅವರ ನೋಟ.

ಒಂದೇ ನಡೆ ಸಾಕು. ಹಾಲಿನಲ್ಲಿ ಎಲ್ಲರಿಗೂ ಅದು ಕಾಣುತ್ತಿತ್ತು, ಆಡಬೇಕಾದವನಿಗೆ ಬಿಟ್ಟು. ಮೇಷ್ಟ್ರು ಕೆಮ್ಮಿದರು. ಔಷಧಿ ಅಂಗಡಿಯವರು ಕೆಮ್ಮಿದರು. ಕೆಮ್ಮು ಹಾಲಿನ ತುಂಬ ಹರಡಿತು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದವರು ಬೇಕಂತಲೇ ಎಂಬಂತೆ ಅದನ್ನು ಬೋರ್ಡಿನ ಮೇಲೆ ಬೀಳಿಸಿದರು. ಪೆನ್ನು ಅವರ ರಾಜನ ಮುಂದಿನ ಖಾಲಿ ಮನೆಯಲ್ಲಿ ಬಿತ್ತು.

"ಪೆನ್ನು ಬಿತ್ತು ಮೇಷ್ಟ್ರೇ," ಎಂದು ಫ್ರೇಮಣ್ಣ ಎತ್ತಿಕೊಟ್ಟ. ಆಗ ಕಂಡಿತು ಅವನಿಗೆ: ಪೆನ್ನು ಬಿದ್ದ ಆ ಬಿಳಿ ಮನೆಯ ನಟ್ಟನಡುವೆ ಒಂದು ಕಲೆ. ಯಾರೋ ಯಾವ ಕಾಲದಲ್ಲೋ ಚೆಲ್ಲಿದ ಟೀ. ಉಗುರಿನಿಂದ ಕೆರೆದ, ಹೋಗಲಿಲ್ಲ. ಅಂಗಿಯ ತುದಿಯಿಂದ ಒರೆಸಿದ, ಹೋಗಲಿಲ್ಲ. ಇಷ್ಟು ಜನರ ಮುಂದೆ, ಫೈನಲ್ಲಿನಲ್ಲಿ, ಇಂಥ ಹೊಲಸು ಕಲೆ ಇಟ್ಟುಕೊಂಡು ಆಡುವುದು ಹೇಗೆ? ಏನಾದರೂ ಒಂದನ್ನು ಇಟ್ಟು ಮುಚ್ಚಬೇಕು. ಅಗಲ ತಳವಿದ್ದದ್ದು ರಾಣಿಗೆ. ಫ್ರೇಮಣ್ಣ ರಾಣಿಯನ್ನು ಎತ್ತಿ ಕಲೆಯ ಮೇಲೆ ಸರಿಯಾಗಿ ಕೂರಿಸಿ, ಎರಡೂ ಕಡೆಯಿಂದ ಬಗ್ಗಿ ನೋಡಿ, ತೃಪ್ತಿಯಿಂದ ಹಿಂದೆ ಸರಿದ.

"ಚೆಕ್‌ಮೇಟ್!" ಎಂದರು ಚೆಕಿಂಗು.

"ಸೋತೆ!" ಎಂದು ಮೇಷ್ಟ್ರು ಕುರ್ಚಿ ಬೀಳುವ ಹಾಗೆ ಎದ್ದು ನಿಂತರು. ಅವರ ಕಣ್ಣಲ್ಲಿ ನೀರು ಬಂದಿತ್ತು. "ಸೋತೆ ರೀ! ನಾನು ಸೋತೆ!" ಎಂದು ಫ್ರೇಮಣ್ಣನನ್ನು ಬಾಚಿ ತಬ್ಬಿಕೊಂಡು, ಅವನ ಎರಡೂ ಕೈ ಹಿಡಿದು ಕುಲುಕಿ, ಚಪ್ಪಲಿ ಮೆಟ್ಟಿದರೋ ಇಲ್ಲವೋ, ಮೆಟ್ಟಿಲಿಳಿದು ಓಡಿದರು. ಸೋಲನ್ನು ಇಷ್ಟು ದೊಡ್ಡ ಮನಸ್ಸಿನಿಂದ ತೆಗೆದುಕೊಳ್ಳುವವರನ್ನು ಫ್ರೇಮಣ್ಣ ಕಂಡಿರಲಿಲ್ಲ. ಜಂಬದವರೆಂದು ಅಂದುಕೊಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ಫೋಟೋ ತೆಗೆಸಿದರು. ಫ್ರೇಮಣ್ಣ ಹಲ್ಲು ಕಾಣುವಂತೆ ನಕ್ಕ. ಪರದೆ ಸರಿಯಿತು.

ಒಳಕೋಣೆಯಲ್ಲಿ ಮೆತ್ತನೆಯ ಕುರ್ಚಿ ಇತ್ತು, ಟೀಯೂ ಇತ್ತು. ಗಡಿಯಾರ ಮಾತ್ರ ಇರಲಿಲ್ಲ.

"ಕೂತ್ಕೊಳ್ಳಿ," ಎಂದರು ಜಡ್ಜರು, ಒಂದೊಂದು ಅಕ್ಷರವನ್ನೂ ತೂಗಿ ಇಡುತ್ತ. "ಇಲ್ಲಿ ಆತುರ ಏನಿಲ್ಲ. ಆತುರದಲ್ಲಿ ಕೊಟ್ಟ ತೀರ್ಪು ತೀರ್ಪಲ್ಲ. ಬಿಳಿ ನಂದು. ಮೊದಲ ನಡೆ ನಂದು. ಯಾವ ಓಪನಿಂಗು ಆಡೋಣ ಅಂತ ಸ್ವಲ್ಪ ವಿಚಾರ ಮಾಡ್ತೀನಿ."

ವಿಚಾರ ಮಾಡಿದರು. ರಾಜನ ಮುಂದಿನ ಕಾಲಾಳನ್ನು ಎತ್ತಿ ಎರಡು ಮನೆ ಮುಂದಿಟ್ಟು, ಅದರ ಸಾಧಕಬಾಧಕ ಹೇಳಿ, ವಾಪಸು ಇಟ್ಟರು. ಪಕ್ಕದ್ದನ್ನು ಎತ್ತಿದರು. ಅದನ್ನು ನೋಡಿದಾಗ ಅವರಿಗೆ ಎರಡು ಮನೆಗಳ ನಡುವಿನ ಒಂದು ಗೋಡೆಯ ದಾವೆ ನೆನಪಾಯಿತು. ಆ ದಾವೆಯಲ್ಲಿ ಸಾಕ್ಷಿಗಳು ಬಹಳ. ಅದು ಮುಗಿಯುವ ಹೊತ್ತಿಗೆ ಕಿಟಕಿಯ ಬಿಸಿಲು ಗೋಡೆಗೆ ಹೋಗಿತ್ತು, ಕಾಲಾಳು ತನ್ನ ಜಾಗಕ್ಕೇ ಹೋಗಿತ್ತು.

"ಸಾರ್, ಈ ಆಟ ಯಾವಾಗ ಮುಗಿಯುತ್ತೆ?" ಎಂದು ಫ್ರೇಮಣ್ಣ ಮೆಲ್ಲಗೆ ಕೇಳಿದ.

"ಸಂಜೆಗೆ ವಾಯಿದೆ ಹಾಕ್ತೀನಿ. ಮತ್ತೆ ಮುಂದಿನ ಭಾನುವಾರ, ಬೆಳಿಗ್ಗೆಯಿಂದ ಸಂಜೆ ತನಕ. ಊಟ ಇಲ್ಲೇ. ಮೇಷ್ಟ್ರ ಜೊತೆಗಿನ ಆಟ ಹೋದ ವಾರ ಮುಗೀತು ನೋಡಿ. ಒಂದು ವರ್ಷ ಹಿಡೀತು. ಚೆನ್ನಾಗಿ ಬಂತು."

ಫ್ರೇಮಣ್ಣ ಲೋಟವನ್ನು ಬಸಿಯ ಮೇಲೆ ಇಟ್ಟುಬಿಟ್ಟ. ಗೋಡೆಯ ಮೇಲಿನ ಫೋಟೋಗಳು, ಅರ್ಧ ಗಡ್ಡದ ಗಿರಾಕಿ, ಕೂತಲ್ಲೇ ಬಂದ ನಿದ್ದೆ, ಬೀದಿಗಿಳಿದ ರಾಜ, ಮುಟ್ಟದೆ ಬಿಟ್ಟ ಕುದುರೆ ಎಲ್ಲವೂ ಒಂದೇ ಏಟಿಗೆ ಅರ್ಥವಾದವು. ಆ ಕ್ಲಬ್ಬಿನಲ್ಲಿ ಎಲ್ಲರೂ ಆಡುತ್ತಿದ್ದದ್ದು ಸೋಲುವುದಕ್ಕೆ. ಸೋಲುವುದರಲ್ಲಿ ಅವನನ್ನು ಮೀರಿಸುವವರು ಇಲ್ಲದ್ದರಿಂದಲೇ ಅವನೆದುರು ಚೀಟಿ ಬಿದ್ದ ಪಾಪದ ಮೇಷ್ಟ್ರು ವರ್ಷವರ್ಷವೂ ಮೊದಲ ಸುತ್ತು ಗೆಲ್ಲಬೇಕಾಗಿತ್ತು; ಆಮೇಲಿನ ಸುತ್ತುಗಳಲ್ಲಿ ಮಿಕ್ಕವರು ಅವರಿಗಿಂತ ಮೊದಲೇ ಸೋತು ಜಾರಿಕೊಳ್ಳುತ್ತಿದ್ದರು. ಚೆಕಿಂಗಂತೂ ಆಡುವ ಗೊಡವೆಯೇ ಬೇಡವೆಂದು ಅಂಪೈರ್ ಆಗಿ ಕೂತಿದ್ದರು.

"ಸಾರ್, ನಾನು ಸೋತೆ ಅಂತ ಒಪ್ಕೊಳ್ತೀನಿ," ಎಂದ.

"ಇನ್ನೂ ಆಟವೇ ಶುರುವಾಗಿಲ್ಲ. ಅರ್ಜಿ ವಜಾ."

"ಶುರುವಾದ ಮೇಲೆ?"

"ಆಗಲೂ ವಜಾ. ಕೆಟ್ಟ ನಡೆ ಆಡಿದ್ರೆ ವಾಪಸ್ ಕೊಡ್ತೀನಿ, ಮತ್ತೆ ಯೋಚನೆ ಮಾಡಿ. ಇಲ್ಲಿ ಯಾರಿಗೂ ಅನ್ಯಾಯ ಆಗಬಾರದು."

ಫ್ರೇಮಣ್ಣ ಕಿಟಕಿಯ ಕಡೆ ನೋಡಿದ. ಕೆಳಗೆ ಬೀದಿಯಲ್ಲಿ ಮೇಷ್ಟ್ರು ಹೆಂಡತಿಯ ಪಕ್ಕದಲ್ಲಿ ಕೈಚೀಲ ಬೀಸುತ್ತ, ಯಾವುದೋ ಹಾಡು ಗುನುಗುತ್ತ ಹೋಗುತ್ತಿದ್ದರು. ಅದನ್ನು ನೋಡಲಾರದೆ ಅವನು ಬೋರ್ಡಿನ ಕಡೆ ತಿರುಗಿದ. ಜಡ್ಜರ ಕಾಯಿಗಳು ಹಳೇ ಮರದವು. ಎತ್ತಿ ಇಟ್ಟು, ಎತ್ತಿ ಇಟ್ಟು ಒಂದೂ ನೆಟ್ಟಗಿರಲಿಲ್ಲ. ದುಃಖದಲ್ಲಿ ಮುಳುಗಿದ್ದ ಫ್ರೇಮಣ್ಣನಿಗೆ ತನ್ನ ಕೈ ಏನು ಮಾಡುತ್ತಿದೆ ಎಂಬುದೂ ತಿಳಿಯಲಿಲ್ಲ. ಅದು ಒಂದೊಂದೇ ಕಾಯಿಯನ್ನು ಎತ್ತಿ, ಧೂಳು ಒರೆಸಿ, ಮನೆಯ ನಡುಮಧ್ಯಕ್ಕೆ ಕೂರಿಸುತ್ತಿತ್ತು. ಕೊನೆಗೆ ಜಡ್ಜರ ಕುದುರೆಯ ಮೂತಿಯನ್ನೂ ತಿರುಗಿಸಿತು.

ಜಡ್ಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಷ್ಟು ವರ್ಷ ಇಲ್ಲಿ ಕೂತವರೆಲ್ಲ ಬಾಗಿಲ ಕಡೆ ನೋಡ್ತಿದ್ರು. ಕಾಯಿಗಳ ಮೇಲೆ ಇಷ್ಟು ಪ್ರೀತಿ ಇರೋರನ್ನ ಇವತ್ತೇ ನೋಡಿದ್ದು," ಎಂದರು. ಅವರ ದನಿ ತೇವವಾಗಿತ್ತು. ಎದ್ದು ಹೋಗಿ ಪರದೆ ಸರಿಸಿ ಹಾಲಿನವರಿಗೆಲ್ಲ ಕೇಳುವಂತೆ ಹೇಳಿದರು: "ಇನ್ನು ಮೇಲೆ ಟೂರ್ನಮೆಂಟು ಬೇಡ. ನನ್ನ ಎದುರಾಳಿ ಕಾಯಂ. ಫ್ರೇಮಣ್ಣನವರೇ."

ಚಪ್ಪಾಳೆಯೆಂದರೆ ಎಂಥ ಚಪ್ಪಾಳೆ! ಸಲೂನಿನವನು ಸಿಳ್ಳೆ ಹಾಕಿದ. ಔಷಧಿ ಅಂಗಡಿಯವರು ಲಾಂಡ್ರಿಯವನನ್ನು ತಬ್ಬಿಕೊಂಡರು. ಚೆಕಿಂಗು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಫ್ರೇಮಣ್ಣನ ಜೀವಮಾನದಲ್ಲೇ ಅವನಿಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಅವನಿಗೆ ಅಳು ಬಂತು. ಸಂತೋಷಕ್ಕೆ ಅಂದುಕೊಂಡು ಎಲ್ಲರೂ ಇನ್ನೂ ಜೋರಾಗಿ ತಟ್ಟಿದರು.

ಸಂಜೆ ವಾಯಿದೆ ಬಿದ್ದು ಮನೆಗೆ ಬಂದಾಗ ಹೆಂಡತಿ ನಡುಮನೆಯಲ್ಲಿ ಕಾಲು ನೀಡಿ ಕೂತಿದ್ದಳು. ಸುತ್ತ ಪೇಪರಿನ ಹಾಳೆಗಳು ದಿಕ್ಕಿಗೊಂದು ಬಿದ್ದಿದ್ದವು. ಟವಲು ಕುರ್ಚಿಯ ಮೇಲೆ ಸೊಟ್ಟಗೆ ನೇತಾಡುತ್ತಿತ್ತು. ಚಮಚಗಳು ಎಲ್ಲೆಂದರಲ್ಲಿ.

"ಗೆದ್ರಂತೆ," ಎಂದಳು ಅವಳು ನಗುತ್ತ. ಅವನು ಇನ್ನೂ ಬಾಯಿ ತೆರೆದಿರಲಿಲ್ಲ.

"ಗೆದ್ದಿಲ್ಲ. ಸೋತೆ ಅಂತಲೇ ತಿಳ್ಕೋ," ಎಂದ ಫ್ರೇಮಣ್ಣ ಅಂಗಿಯ ತೋಳು ಮಡಚುತ್ತ. "ನಾನು ಇನ್ನು ಆ ಕ್ಲಬ್ಬಿಗೆ ಕಾಲಿಡಲ್ಲ. ಮಾತು ಅಂದ್ರೆ ಮಾತು. ಭಾನುವಾರಗಳೆಲ್ಲ ನಿನ್ನವು. ಅಟ್ಟ ಇವತ್ತೇ, ಈಗಲೇ!"

"ಬೇಡ ರೀ, ನಿಲ್ಲಿ..."

ಅವನು ಕೇಳಲಿಲ್ಲ. ಸ್ಟೂಲು ಎಳೆದು, ಅದರ ಮೇಲೆ ಹತ್ತಿ, ತಲೆ ಸುತ್ತುವುದನ್ನು ಲೆಕ್ಕಿಸದೆ, ಬೆಡ್‌ಶೀಟನ್ನು ಸರ್ರನೆ ಸರಿಸಿದ. ಸೀನಲು ಸಿದ್ಧವಾಗಿದ್ದ ಮೂಗು ಹಾಗೇ ನಿಂತಿತು.

ಅಟ್ಟ ಖಾಲಿ. ಒಂದು ಡಬ್ಬವಿಲ್ಲ, ಒಂದು ಚಿಂದಿಯಿಲ್ಲ. ಗುಡಿಸಿ, ಒರೆಸಿ, ಪೇಪರು ಹಾಸಿತ್ತು.

"ಹೋದ ತಿಂಗಳೇ ನಾನೂ ಮೇಷ್ಟ್ರ ಹೆಂಡ್ತೀನೂ ಸೇರಿ ಖಾಲಿ ಮಾಡಿದ್ವಿ," ಎಂದಳು ಹೆಂಡತಿ ಕೆಳಗಿನಿಂದ.

"ಮತ್ತೆ ಆ ನಾಲ್ಕು ನಡೆ?"

"ಮೇಷ್ಟ್ರೇ ಹೇಳಿಕೊಟ್ಟು ಕಳಿಸಿದ್ದು. ಅವರ ಹೆಂಡ್ತಿಗೆ ಗಂಡ ಭಾನುವಾರ ಮನೇಲಿ ಬೇಕಾಗಿತ್ತು. ನಂಗೆ..." ಅವಳು ತಡೆದಳು. ಆಮೇಲೆ ಹೇಳಿಯೇಬಿಟ್ಟಳು. "ನೀವು ಮಧ್ಯಾಹ್ನಕ್ಕೇ ಬಂದುಬಿಡ್ತಿದ್ರಿ. ಬಂದವರೇ ಡಬ್ಬ ಜೋಡಿಸೋದು, ದಿಂಬು ಜೋಡಿಸೋದು, ನಾನು ಮಲಗಿದ್ರೆ ನನ್ನ ಕಾಲೂ ಜೋಡಿಸೋದು. ವಾರದಲ್ಲಿ ಒಂದು ದಿನ, ಒಂದೇ ದಿನ, ಈ ಮನೆ ಸೊಟ್ಟಗಿರಲಿ ಅಂತ ಆಸೆ ಕಣ್ರೀ."

ಫ್ರೇಮಣ್ಣ ಮುಖ ಆಚೆ ತಿರುಗಿಸಿದ. ಕಣ್ಣೆದುರಿಗೆ ಖಾಲಿ ಅಟ್ಟ. ಅದರಲ್ಲಿ ಹಾಸಿದ್ದ ಪೇಪರಿನ ಒಂದು ಮೂಲೆ ಮಡಚಿಕೊಂಡು ತುಸು ಓರೆಯಾಗಿತ್ತು. ಅವನು ಅದನ್ನು ನೋಡಬಾರದೆಂದುಕೊಂಡ. ಕೈ ಹೋಯಿತು.

"ಮುಟ್ಟಿದಿರಿ!" ಎಂದಳು ಹೆಂಡತಿ. ಆ ದನಿ ಥೇಟ್ ಚೆಕಿಂಗಿನದೇ. "ಇನ್ನು ಪೂರ್ತಿ ಎತ್ತಿ ಹೊಸ ಪೇಪರ್ ಹಾಸಿಯೇ ಇಳೀರಿ. ಅದಾದ್ಮೇಲೆ ಬೇಗ ಊಟ ಮಾಡಿ ಮಲಗಿ. ವಾರ ಪೂರ್ತಿ ಅಂಗಡಿ, ಭಾನುವಾರ ಜಡ್ಜರು ಕಾಯ್ತಿರ್ತಾರೆ."